ಮನೆಯವರನ್ನು ಕಳೆದು

ನಮ್ಮ ಆಫೀಸಿನಲ್ಲಿ ವರದಿ ಬರೆಯುವ ಮೊದಲು ಮನೆಯವರನ್ನು ಕಳೆಯಬೇಕು. ಈ ನಿಯಮ ತಂದವಳು ನಾನೇ.

ಬೇಕರಿಯವರು, ಕಣ್ಣಾಸ್ಪತ್ರೆಯವರು, ಚಪ್ಪಲಿ ಮಾರುವವರು ತಮ್ಮ ತಮ್ಮ ಪುಟಗಳಲ್ಲಿ ಫೋಟೊ, ವಿಡಿಯೊ ಹಾಕುತ್ತಾರೆ. ಎಷ್ಟು ಜನ ನೋಡಿದರು, ಎಷ್ಟು ಜನ ಲೈಕ್ ಒತ್ತಿದರು, ಎಷ್ಟು ಜನ ಇನ್ನೊಬ್ಬರಿಗೆ ಶೇರ್ ಮಾಡಿದರು, ಎಷ್ಟು ಜನ ಆಮೇಲೆ ನೋಡಲೆಂದು ಸೇವ್ ಮಾಡಿಟ್ಟರು ಎಂದು ತಿಂಗಳಿಗೊಮ್ಮೆ ಲೆಕ್ಕ ಹಾಕಿಕೊಡುವುದು ನಮ್ಮ ಕೆಲಸ. ಆ ಲೆಕ್ಕದೊಳಗೆ ಮಾಲೀಕನ ಹೆಂಡತಿ, ಷಡ್ಡಕ, ಷಡ್ಡಕನ ಮಕ್ಕಳು ಎಲ್ಲರೂ ಸೇರಿರುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು. ಆ ಮುದ್ದನ್ನು ತೆಗೆದ ಮೇಲೆ ಉಳಿಯುವುದು ನಿಜವಾದ ಅಂಕಿ. ಸೇವ್ ಮಾಡಿದವರು ಯಾರೆಂಬುದು ನಮಗೆ ಕಾಣುವುದಿಲ್ಲ, ಎಷ್ಟೆಂಬುದು ಮಾತ್ರ ಕಾಣುತ್ತದೆ. ಹಾಗಾಗಿ ಕೇಳಿಯೇ ತಿಳಿಯಬೇಕು. ಮನೆಯಲ್ಲಿ ಯಾರು ಯಾರು ನೋಡುತ್ತೀರಿ, ಯಾರಿಗಾದರೂ ಒತ್ತಲು ಹೇಳಿದ್ದೀರಾ ಎಂದು ನಾನು ಫೋನ್ ಮಾಡುತ್ತೇನೆ. ಗಂಡಸರು ಗಂಟಲು ಸರಿಮಾಡಿಕೊಳ್ಳುತ್ತಾರೆ. "ಇಲ್ಲ ಮೇಡಂ, ನಮ್ಮ ಅತ್ತಿಗೆಗೆ ಮಾತ್ರ ಒಂದು ಮಾತು ಹೇಳಿದ್ದೆ" ಎನ್ನುತ್ತಾರೆ. ಅತ್ತಿಗೆಯ ಬಳಗ ದೊಡ್ಡದಿರುತ್ತದೆ.

ಹೇಳಿಸಿಕೊಂಡು ಒತ್ತಿದವರೂ ಮನೆಯವರೇ. ಅದೂ ನನ್ನ ನಿಯಮ.

ನಮ್ಮ ಮೇಲಧಿಕಾರಿಗೆ ಎಲ್ಲವನ್ನೂ ನೂರಕ್ಕೆ ಇಷ್ಟು ಎಂದು ಹೇಳುವ ಚಟ. ಬೆನ್ನ ಹಿಂದೆ ಅವರನ್ನು ಶೇಕಡಾ ಎನ್ನುತ್ತೇವೆ. ಒಂದು ದಿನ ಅವರು ನನ್ನ ಮೇಜಿನ ಬಳಿ ಬಂದು ನಿಂತರು.

"ಹೊಲಿಗೆ ಮಷೀನಿನ ಸೂಜಿ ಮಾಡೋ ಕಂಪನಿ ಬಂದಿದೆ. ರಿಪೇರಿ ಕಲಿಸೋ ಒಂದು ಪುಟಕ್ಕೆ ಅವರು ದುಡ್ಡು ಹಾಕ್ತಾರಂತೆ. ಅದು ನಿಮ್ಮ ಮನೆಯವರ ಪುಟ ಅಲ್ವಾ?"

"ಹೌದು ಸರ್."

"ಬೇರೆಯವರಿಗೆ ಕೊಡ್ಲಾ?"

"ಬೇಡ. ನಾನೇ ಮಾಡ್ತೀನಿ."

"ನೂರಕ್ಕೆ ನೂರು ಖಚಿತನಾ?"

"ನೂರು ಸರ್."

ಅವರು ಇನ್ನೇನೋ ಹೇಳುವವರಿದ್ದರು. ನನ್ನ ಮುಖ ನೋಡಿ ಸುಮ್ಮನಾದರು. ನನ್ನ ಗಂಡ ಹೋದ ಮೇಲೆ ಜನ ನನ್ನೊಂದಿಗೆ ವಾಕ್ಯಗಳನ್ನು ಅರ್ಧಕ್ಕೇ ಬಿಡುತ್ತಾರೆ.

ಆ ಪುಟ ಶುರು ಮಾಡಿದವನು ಅವನು. ಹೊಲಿಗೆ ಯಂತ್ರ ರಿಪೇರಿಯ ಅಂಗಡಿ ಅವನದು. ದಾರ ಯಾಕೆ ತುಂಡಾಗುತ್ತದೆ, ಹೊಲಿಗೆ ಯಾಕೆ ಬಿಟ್ಟು ಬಿಟ್ಟು ಬೀಳುತ್ತದೆ, ಅಡಿಯ ಬಾಬಿನ್ನಿನ ದಾರ ಯಾಕೆ ಗೊಜಲಾಗುತ್ತದೆ ಎಂದು ಬಿಚ್ಚಿ, ಸರಿಮಾಡಿ, ಕೂಡಿಸಿ ತೋರಿಸುತ್ತಿದ್ದ. ಮಾತಿಲ್ಲ, ಮುಖವೂ ಇಲ್ಲ. ಎರಡು ಕೈ ಮತ್ತು ಯಂತ್ರದ ಸದ್ದು. ಫೋನ್ ಹಿಡಿದು ನಿಲ್ಲುತ್ತಿದ್ದವಳು ನಾನು. ಜ್ವರವೆಂದು ಆಸ್ಪತ್ರೆಗೆ ಹೋದವನು ಅಲ್ಲಿಂದ ಬರಲಿಲ್ಲ. ಅಂಗಡಿ ಮೈದುನನಿಗೆ ಬಂತು, ಅದರ ಜೊತೆ ಪುಟವೂ.

ಮೈದುನ ಕೆಲಸಗಾರ, ಆದರೆ ಕ್ಯಾಮೆರಾ ಕಂಡರೆ ಬೆವರುತ್ತಾನೆ. ಅದಕ್ಕೆ ಅವನ ಹೆಂಡತಿ ಮುಂದೆ ಕೂತಳು. ನನ್ನ ವಾರಗಿತ್ತಿ. ಅವಳ ಬಾಯಿಗೆ ಬೀಗವಿಲ್ಲ.

"ನೋಡಿ, ಈ ಮಷೀನು ಥೇಟ್ ನಮ್ಮತ್ತೆ. ಎಣ್ಣೆ ಹಾಕದೆ ಇದ್ರೆ ಕಿರುಚುತ್ತೆ. ಜಾಸ್ತಿ ಹಾಕಿದ್ರೆ ಬಟ್ಟೆ ಮೇಲೆ ಕಕ್ಕುತ್ತೆ. ಎರಡೇ ಹನಿ, ಅದೂ ಕೇಳ್ಕೊಂಡು ಕೇಳ್ಕೊಂಡು."

ಆ ವಿಡಿಯೊವನ್ನು ನಮ್ಮತ್ತೆಯೇ ತಮ್ಮ ಅಕ್ಕತಂಗಿಯರಿಗೆಲ್ಲ ಕಳಿಸಿದರು. ಅವರಿಂದ ಎಲ್ಲಿಗೆ ಹೋಯಿತೋ, ಯಾರ್‍ಯಾರ ಅತ್ತೆಯರಿಗೆ ತಲುಪಿತೋ. ಪುಟ ಏಣಿ ಹತ್ತಿದ್ದು ಅಂದಿನಿಂದ.

ಕಂಪನಿಯವರ ಪ್ರಶ್ನೆ ಸರಳವಾಗಿತ್ತು. ಪುಟಕ್ಕೆ ಇನ್ನು ಮೇಲೆ ಅವಳ ಮುಖ, ಅವಳ ಹೆಸರು. ಹಳೆಯ ವಿಡಿಯೊಗಳು ಉದ್ದ, ಮಾತಿಲ್ಲದವು, ಪುಟದ ಸರಾಸರಿಯನ್ನು ಕೆಳಗೆ ಎಳೆಯುತ್ತಿರುವಂತಿದೆ. ಅವು ತಮ್ಮ ಕಾಲ ಮೇಲೆ ನಿಲ್ಲುತ್ತಿದ್ದರೆ ಇರಲಿ. ಇಲ್ಲದಿದ್ದರೆ ತೆಗೆಸೋಣ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ವರದಿ ಕೊಡಿ.

ಪಕ್ಕಪಕ್ಕ ಇಟ್ಟೆ. ಎಡಕ್ಕೆ ನನ್ನ ಗಂಡ, ಬಲಕ್ಕೆ ನನ್ನ ವಾರಗಿತ್ತಿ.

ಲೈಕು ಅವಳದು. ಶೇರು ಅವಳದು. ಅವಳ ವಿಡಿಯೊದ ಕೆಳಗೆ ಜನ ಮನೆಯಂಗಳದಲ್ಲಿ ಕೂತವರಂತೆ ಹರಟುತ್ತಿದ್ದರು. "ಅಕ್ಕಾ, ನಿಮ್ಮ ಮಾತು ಕೇಳೋಕೆ ಅಂತಲೇ ಮಷೀನ್ ಕೆಡಿಸ್ಕೊಂಡೆ." "ನಿಮ್ಮತ್ತೆಗೆ ನಮ್ಮ ನಮಸ್ಕಾರ." ಅವನ ವಿಡಿಯೊದ ಕೆಳಗೆ "ಥ್ಯಾಂಕ್ಸ್" ಇರುತ್ತಿತ್ತು. ಕೆಲವದರ ಕೆಳಗೆ ಬರಿ ಒಂದು ಹೆಬ್ಬೆರಳು.

ಕೆಲಸಕ್ಕಾಗಿ ಅವಳ ಎಲ್ಲ ವಿಡಿಯೊಗಳನ್ನೂ ನೋಡಬೇಕಾಯಿತು. ಅವಳು ನನ್ನ ಗಂಡನ ಸ್ಟೂಲಿನ ಮೇಲೆ ಕೂತಿದ್ದಳು. ಅವನ ನೀಲಿ ಏಪ್ರನ್ನಿನ ಅಂಚನ್ನು ಮಡಚಿ ಹೊಲಿದು ತನ್ನ ಎತ್ತರಕ್ಕೆ ಮಾಡಿಕೊಂಡಿದ್ದಳು. ಅದನ್ನೆಲ್ಲ ತಡೆದುಕೊಂಡೆ. ಒಂದು ಕಡೆ ಅವಳು ನೋಡದೆಯೇ ಬಲಗೈ ಚಾಚುತ್ತಾಳೆ, ಚೌಕಟ್ಟಿನ ಹೊರಗಿಂದ ಮೈದುನನ ಕೈ ಬಂದು ಸ್ಕ್ರೂ ಡ್ರೈವರ್ ಇಡುತ್ತದೆ. ಅವಳು ಹಿಡಿಯುವಾಗ ಅವನ ಬೆರಳೂ ಒಂದಿಷ್ಟು ಹೊತ್ತು ಅದರ ಮೇಲೇ ಇರುತ್ತದೆ. ಅವಳು ಮಾತು ನಿಲ್ಲಿಸುವುದಿಲ್ಲ. ಕೈ ಚಾಚಿದರೆ ಅಲ್ಲೊಂದು ಕೈ ಇರುತ್ತದೆ ಎಂಬುದು ಅವಳಿಗೆ ಗಾಳಿ ಬೆಳಕಿನಷ್ಟೇ ಸಹಜ. ಆ ಜಾಗದಲ್ಲಿ ವಿಡಿಯೊ ನಿಲ್ಲಿಸಿ ನೋಡಿದೆ. ಮತ್ತೆ ಹಿಂದಕ್ಕೆ ಎಳೆದು ನೋಡಿದೆ. ಅದು ವರದಿಗೆ ಬೇಕಾದ ಸಂಗತಿಯಾಗಿರಲಿಲ್ಲ.

ಒಂದು ವರ್ಷದಿಂದ ನನಗೆ ಏನೂ ಅನ್ನಿಸಿರಲಿಲ್ಲ. ಅಳು ಬಂದಿರಲಿಲ್ಲ, ಹಸಿವು ಗೊತ್ತಾಗುತ್ತಿರಲಿಲ್ಲ. ಈಗ ಎದೆಯ ಕೆಳಗೆ ಏನೋ ಹೊತ್ತಿಕೊಂಡಿತು. ಅದಕ್ಕೆ ಹೆಸರು ಬೇರೆ ಹುಡುಕಬೇಕಿರಲಿಲ್ಲ.

ಕೊನೆಯ ಸಾಲಿಗೆ ಬಂದೆ. ಸೇವ್.

ಅಲ್ಲಿ ಅವನು ಗೆದ್ದಿದ್ದ. ಸಣ್ಣಪುಟ್ಟ ಗೆಲುವಲ್ಲ. ಅವಳ ಮಾತಿಗೆ ಜನ ನಗುತ್ತಾರೆ, ಕಳಿಸುತ್ತಾರೆ, ಮರೆಯುತ್ತಾರೆ. ಅವನ ಕೈಯನ್ನು ಜನ ಎತ್ತಿಟ್ಟುಕೊಳ್ಳುತ್ತಾರೆ. ಲೆಕ್ಕವನ್ನು ಇನ್ನೊಮ್ಮೆ ಮಾಡಿದೆ. ಸರಿಯಾಗಿತ್ತು. ಸೇವ್ ಸಾಲನ್ನು ಮೊದಲ ಪುಟಕ್ಕೆ ತಂದು, ಶೇರುಗಳನ್ನು ಒಳಪುಟಕ್ಕೆ ತಳ್ಳಿದೆ. ಹಾಗೆ ಮಾಡಲು ಕಾರಣ ಬರೆಯುವುದು ನನಗೆ ಗೊತ್ತು, ವಿಶ್ವವಿದ್ಯಾಲಯದಲ್ಲಿ ಕಲಿತದ್ದೇ ಅದು. ಕಲಿಸುವ ಪುಟಕ್ಕೆ ನಗು ಮುಖ್ಯವಲ್ಲ, ಬಳಕೆ ಮುಖ್ಯ ಎಂದು ಬರೆದೆ. ಅದು ಸುಳ್ಳೂ ಅಲ್ಲ.

ಉಳಿದದ್ದು ಮನೆಯವರನ್ನು ಕಳೆಯುವುದು. ಫೋನಿನಲ್ಲಿ ಕೇಳಬಹುದಿತ್ತು. ಅವಳ ಮುಖ ನೋಡುತ್ತಾ ಕೇಳಬೇಕೆನಿಸಿತು. ಲೈಕುಗಳ ತುಂಬ ಅವಳ ನೆಂಟರೇ ಸಿಗುತ್ತಾರೆಂದು ಒಳಗೊಳಗೇ ಆಸೆಯಿತ್ತು. ಆಫೀಸು ಬಿಟ್ಟು ನೇರ ಅಂಗಡಿಗೆ ಹೋದೆ.

"ಬನ್ನಿ ಅಕ್ಕ. ಅಲ್ಲಿ ಕೂರಬೇಡಿ, ಸೂಜಿ ಬಿದ್ದಿರುತ್ತೆ. ಇಲ್ಲಿ ಬನ್ನಿ." ಅವಳು ಸ್ಟೂಲು ಬಿಟ್ಟುಕೊಟ್ಟಳು. ನಾನು ನಿಂತೇ ಇದ್ದೆ.

"ಆಫೀಸ್ ಕೆಲಸಕ್ಕೆ ಬಂದೆ. ಎರಡು ಮಾತು ಕೇಳಬೇಕು."

"ನೋಡ್ರೀ, ಅಕ್ಕ ಪೊಲೀಸಾಗಿ ಬಂದಿದ್ದಾರೆ. ಇರೋ ನಿಜ ಎಲ್ಲ ಹೇಳ್ಬಿಡಿ" ಎಂದಳು ಗಂಡನಿಗೆ.

ಮೈದುನ ಯಂತ್ರದಡಿಯಿಂದ ತಲೆ ಎತ್ತಿದ. "ನಾನು ಲೈಕ್ ಒತ್ತೋದೇ ಇಲ್ಲ ಅತ್ತಿಗೆ. ಒತ್ತಿದ್ರೆ ಇವಳು ತಲೆ ಮೇಲೆ ಕೂರ್ತಾಳೆ."

"ಒತ್ತದೆ ಇದ್ರೂ ಅಲ್ಲೇ ಕೂತಿದೀನಿ ಬಿಡಿ."

"ನಿನ್ನ ವಿಡಿಯೊ ಮನೆಯಲ್ಲಿ ಯಾರು ನೋಡ್ತೀರಿ?" ಎಂದು ಕೇಳಿದೆ.

"ಅತ್ತೆ ನೋಡ್ತಾರೆ, ಬೈಯೋದಕ್ಕೆ. ನಾನಂತೂ ನೋಡಲ್ಲ ಅಕ್ಕ. ನನ್ನ ದನಿ ನನಗೇ ತಡ್ಕೊಳೋಕಾಗಲ್ಲ."

"ಯಾರಿಗಾದ್ರೂ ಒತ್ತಿ ಅಂತ ಹೇಳಿದೀಯಾ? ನಿನ್ನ ತವರಿನ ಕಡೆಯವರಿಗೆ?"

"ಅವರಿಗಾ? ನಮ್ಮಣ್ಣ ನನ್ನ ನಂಬರೇ ಬ್ಲಾಕ್ ಮಾಡಿದಾನೆ. ಮನೇಲಿ ಕೇಳಿದ್ದು ಸಾಕಾಗಿತ್ತಂತೆ."

ಅವಳ ಅಂಕಿಗಳಿಂದ ಕಳೆಯಲು ನನಗೆ ಅತ್ತೆ ಮತ್ತು ಅವರ ಅಕ್ಕತಂಗಿಯರನ್ನು ಬಿಟ್ಟು ಯಾರೂ ಸಿಗಲಿಲ್ಲ.

"ಹಳೇ ವಿಡಿಯೊಗಳು?" ಎಂದೆ. ಕೇಳಬೇಕಾದ್ದರಿಂದ ಕೇಳಿದೆ.

"ಅವನ್ನ ದಿನಾ ನೋಡ್ತೀನಿ" ಎಂದಳು.

ಅವಳು ಕೈ ಒರೆಸಿಕೊಂಡಳು. "ಭಾವ ಇದ್ದಾಗ ನಾನು ಈ ಕಡೆ ತಲೆ ಹಾಕಿದವಳಲ್ಲ. ಈಗ ಯಾರ ಹತ್ರ ಕಲೀಲಿ? ಇವ್ರ ಬಾಯಿಂದ ಒಂದು ಮಾತು ಹೊರಗೆ ತೆಗೀಬೇಕು ಅಂದ್ರೆ ಇಕ್ಕಳ ಬೇಕು. ಭಾವಂದು ಹಾಗಲ್ಲ. ಕೈ ನೋಡಿದ್ರೆ ಸಾಕು, ಅರ್ಥ ಆಗುತ್ತೆ. ಸ್ಕ್ರೂ ಬಿಚ್ಚೋಕೆ ಮುಂಚೆ ಹೆಬ್ಬೆರಳನ್ನ ಅದರ ಮೇಲೆ ಒಂದ್ಸಲ ಇಡ್ತಾರೆ ನೋಡಿ, ಮಗೂಗೆ ಜ್ವರ ಇದೆಯಾ ಅಂತ ನೋಡೋ ಥರ. ಸಡಿಲ ಇದೆಯೋ ಬಿಗಿ ಇದೆಯೋ ಅದರಲ್ಲೇ ಗೊತ್ತಾಗುತ್ತೆ ಅವ್ರಿಗೆ."

ನಾನು ಅದನ್ನು ನೋಡಿರಲಿಲ್ಲ. ಅಷ್ಟೂ ವಿಡಿಯೊ ತೆಗೆದವಳು ನಾನು. ಫೋನ್ ಅಲ್ಲಾಡದಂತೆ ಹಿಡಿಯುವುದರಲ್ಲಿ, ಬೆಳಕು ಸರಿಯಾಗಿದೆಯೇ ಎಂದು ನೋಡುವುದರಲ್ಲಿ ನನ್ನ ಗಮನವಿತ್ತು.

"ಸೇವ್ ಮಾಡಿದೀಯಾ?"

"ಎಲ್ಲಾನೂ. ನನ್ನ ಫೋನಲ್ಲಿ, ಅತ್ತೆ ಫೋನಲ್ಲಿ, ಅಂಗಡಿ ಫೋನಲ್ಲಿ. ಆಮೇಲೆ ನಮ್ಮ ಕ್ಲಾಸ್ ಇದೆಯಲ್ಲ..." ಅವಳು ಒಳಕೋಣೆಯತ್ತ ಗಲ್ಲ ತೋರಿಸಿದಳು. ಮನೆಯಲ್ಲಿ ಹೊಲಿಯುವ ಹೆಂಗಸರಿಗೆ ತಮ್ಮ ಯಂತ್ರ ತಾವೇ ರಿಪೇರಿ ಮಾಡಿಕೊಳ್ಳಲು ಅವಳು ಅಲ್ಲಿ ಕಲಿಸುತ್ತಾಳೆ. "ಸೇರಿದ ದಿನಾನೇ ಹೇಳ್ತೀನಿ, ಮೊದಲು ಭಾವನ ವಿಡಿಯೊ ಎಲ್ಲ ಸೇವ್ ಮಾಡ್ಕೊಳ್ಳಿ, ಆಮೇಲೆ ಸ್ಕ್ರೂ ಡ್ರೈವರ್ ಮುಟ್ಟಿ ಅಂತ. ಮಾಡಿದ್ದು ತೋರಿಸಿದ್ರೇನೇ ಒಳಗೆ ಬಿಡೋದು. ಅವರು ಅವರ ಅಕ್ಕಪಕ್ಕದವರಿಗೂ ಹೇಳ್ತಾರೆ. ತಪ್ಪಾಯ್ತಾ ಅಕ್ಕ?"

"ಇಲ್ಲ" ಎಂದೆ. "ಕೇಳಬೇಕಿತ್ತು, ಕೇಳಿದೆ."

ಅವಳು ಬೀದಿಯ ತಿರುವಿನವರೆಗೂ ಬಂದು ಕಳಿಸಿದಳು. ದಾರಿಯುದ್ದಕ್ಕೂ ಮಾತಾಡಿದಳು. ಏನೆಂದು ನೆನಪಿಲ್ಲ.

ಅವಳನ್ನು ಹೊಡೆಯಲು ನಾನು ಎತ್ತಿಕೊಂಡ ಕೋಲು ಅವಳೇ ಕೊಟ್ಟದ್ದಾಗಿತ್ತು. ಅವನ ಗೆಲುವಿನಲ್ಲಿ ಅವನದೆಷ್ಟು, ಅವಳದೆಷ್ಟು? ಅವಳು ಊರವರಿಗೆಲ್ಲ ನನ್ನ ಗಂಡನನ್ನು ಹಂಚಿದ್ದಳು. ನಾನು ಒಬ್ಬಳೇ ನೋಡುತ್ತಿದ್ದೇನೆಂದುಕೊಂಡಿದ್ದ ಕೈಯನ್ನು ಅವಳು ದಿನಾ ನೋಡುತ್ತಿದ್ದಳು, ನನಗಿಂತ ಹತ್ತಿರದಿಂದ.

ಮರುದಿನ ಶೇಕಡಾ ಅವರನ್ನು ಕೇಳಿದೆ. ಕೇಳುವ ಅಗತ್ಯವಿರಲಿಲ್ಲ.

"ಕ್ಲಾಸಿನವರು ದುಡ್ಡು ಕೊಟ್ಟು ಕಲಿಯೋರು. ಹೊರಗಿನವರು ಅಂತ ಇಟ್ಕೋಬಹುದು" ಎಂದರು. "ಹೇಳಿಸಿಕೊಂಡು ಒತ್ತಿದ್ದು, ಅದಕ್ಕೆ ಮನೆಯವರು ಅಂತಲೂ ಅನ್ನಬಹುದು. ಐವತ್ತು ಐವತ್ತು. ನಿಯಮ ನಿಮ್ಮದು, ಮನೆಯೂ ನಿಮ್ಮದು. ಹೇಗೆ ಮಾಡಿದ್ರೂ ನಾನು ಸಹಿ ಹಾಕ್ತೀನಿ."

ಕ್ಲಾಸಿನವರನ್ನು ಇಟ್ಟುಕೊಂಡರೆ ನನ್ನ ಗಂಡ ಉಳಿಯುತ್ತಿದ್ದ. ಅವಳ ದಯೆಯಿಂದ ಉಳಿಯುತ್ತಿದ್ದ, ಅವಳ ಮುಖ ಹೊತ್ತ ಪುಟದಲ್ಲಿ. ಕಳೆದರೆ ಹೋಗುತ್ತಿದ್ದ. ಆದರೆ ಮೂಲ ವಿಡಿಯೊಗಳೆಲ್ಲ ನನ್ನ ಬಳಿ ಇದ್ದವು, ನನ್ನ ಬಳಿ ಮಾತ್ರ.

ಕಳೆದೆ. ಕ್ಲಾಸಿನವರ, ಅವರ ಅಕ್ಕಪಕ್ಕದವರ ಎಣಿಕೆ ತೆಗೆದ ಮೇಲೆ ಸೇವ್ ಸಾಲಿನಲ್ಲಿ ಅವನು ಕುಸಿದ. ಆ ಸಾಲನ್ನು ಮತ್ತೆ ಒಳಪುಟಕ್ಕೆ ಹಾಕಿ, ಶೇರುಗಳನ್ನು ಮುಂದಕ್ಕೆ ತಂದೆ. ಹಳೆಯ ವಿಡಿಯೊಗಳು ತಮ್ಮ ಕಾಲ ಮೇಲೆ ನಿಲ್ಲುತ್ತಿಲ್ಲ ಎಂದು ಬರೆದೆ. ನಿಯಮದ ಪ್ರಕಾರ ವರದಿಯಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನನ್ನ ಹೊಟ್ಟೆಯುರಿಗೆ ಅಷ್ಟು ಅಚ್ಚುಕಟ್ಟಾದ ಬಟ್ಟೆ ಎಲ್ಲಿಯೂ ಸಿಗುತ್ತಿರಲಿಲ್ಲ.

ಮುಂದಿನ ವಾರ ಮೈದುನ ಫೋನ್ ಮಾಡಿದ.

"ಅತ್ತಿಗೆ, ಹಳೇವೆಲ್ಲ ತೆಗೀರಿ ಅಂತ ಕಂಪನಿಯವರು ಹೇಳಿದಾರೆ. ನಿಮ್ಮನ್ನ ಒಂದು ಮಾತು ಕೇಳೋಣ ಅಂತ."

"ಕಂಪನಿ ಹೇಳಿದ ಮೇಲೆ ಇನ್ನೇನು. ತೆಗಿ."

"ಅಣ್ಣಂದು ಅಲ್ವಾ, ಕೈ ಬರ್ತಿಲ್ಲ. ಇವಳೇ ಧೈರ್ಯ ಹೇಳಿದ್ಳು. ತೆಗೀರಿ, ಹೇಗೂ ನಮ್ಮೆಲ್ಲರ ಹತ್ರ ಸೇವ್ ಇದೆಯಲ್ಲ ಅಂತ."

ಆಗ ನಾನು ಒಂದು ಮಾತು ಹೇಳಬಹುದಿತ್ತು. ಅವನು "ಆಯ್ತು ಅತ್ತಿಗೆ" ಎಂದು ಇಟ್ಟ.

ಅವಳು ಬಂದದ್ದು ಮಾರನೇ ದಿನ ಬೆಳಿಗ್ಗೆ, ನಾನು ಆಫೀಸಿಗೆ ಹೊರಡುವ ಹೊತ್ತಿಗೆ. ನಾನೊಬ್ಬಳೇ ಇರುವ ಕೋಣೆ ಮೂರನೇ ಮಹಡಿಯಲ್ಲಿದೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತು ಫೋನನ್ನು ನನ್ನತ್ತ ಚಾಚಿದಳು.

"ಅಕ್ಕ, ಏನೋ ಆಗಿದೆ ನೋಡಿ. ಬೂದಿ ಬಣ್ಣದ ಚೌಕ ಮಾತ್ರ ಬರ್ತಿದೆ. ಅತ್ತೆ ಫೋನಲ್ಲೂ ಹಾಗೇ. ಆಫ್ ಮಾಡಿ ಆನ್ ಮಾಡಿ ನೋಡ್ದೆ."

"ಫೋನ್ ಸರಿಯಾಗೇ ಇದೆ" ಎಂದೆ. "ಸೇವ್ ಅಂದ್ರೆ ಪುಸ್ತಕ ಮನೆಗೆ ತರೋದಲ್ಲ. ಯಾವ ಕಪಾಟಿನಲ್ಲಿದೆ ಅಂತ ಗುರುತು ಹಾಕ್ಕೊಳ್ಳೋದು, ಅಷ್ಟೆ. ಕಪಾಟಿಂದ ಪುಸ್ತಕ ತೆಗೆದ್ರೆ ಗುರುತು ಮಾತ್ರ ಉಳಿಯುತ್ತೆ."

ಅವಳು ಫೋನು ನೋಡಿದಳು, ನನ್ನನ್ನು ನೋಡಿದಳು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಇವ್ರು ಫೋನ್ ಮಾಡಿದಾಗ್ಲೂ?"

"ಆಗ್ಲೂ."

ಅವಳು ಒಳಗೆ ಬಂದು ಮಂಚದ ತುದಿಯಲ್ಲಿ ಕೂತಳು.

"ನನ್ನ ಮೇಲೆ ಸಿಟ್ಟಾ ಅಕ್ಕ?"

"ಸಿಟ್ಟಲ್ಲ."

"ಮತ್ತೆ?"

"ಹೊಟ್ಟೆಕಿಚ್ಚು" ಎಂದೆ.

ಅವಳಿಗೆ ನಗು ಬಂತು, ಅಭ್ಯಾಸದಿಂದ. "ನನ್ನ ಮೇಲಾ? ಏನಿದೆ ಅಂತ? ಬಾಯಿಲ್ಲದ ಗಂಡ, ಎರಡು ಬಾಯಿರೋ ಅತ್ತೆ. ಯಾವುದು ಬೇಕೋ ತಗೊಂಡ್ಹೋಗಿ."

"ಗಂಡ ಇದಾನಲ್ಲ" ಎಂದೆ.

ಅವಳ ಮುಖದಲ್ಲಿದ್ದ ನಗು ಹಾಗೇ ಇತ್ತು, ಅದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಆಮೇಲೆ ಅತ್ತಳು. ಸೆರಗಿಲ್ಲ, ಕರವಸ್ತ್ರವಿಲ್ಲ, ಅಂಗೈಯಿಂದಲೇ ಮೂಗು ಒರೆಸಿಕೊಂಡು ಮಗುವಿನಂತೆ ಅತ್ತಳು. ನನ್ನ ಮಂಚದ ಮೇಲೆ ಕೂತು, ನನ್ನ ಗಂಡನಿಗಾಗಿ, ಎಷ್ಟು ಸಲೀಸಾಗಿ. ನನಗೆ ಒಂದು ಹನಿ ಬಂದಿರಲಿಲ್ಲ, ಆಸ್ಪತ್ರೆಯ ಬಾಗಿಲಲ್ಲೂ ಬಂದಿರಲಿಲ್ಲ. ಗೋಡೆಗೆ ಒರಗಿ ಅವಳ ಅಳುವನ್ನು ನೋಡಿದೆ. ಅದರ ಮೇಲೂ ಹೊಟ್ಟೆ ಉರಿಯಿತು. ಹಸಿದವಳು ಉಣ್ಣುವವಳನ್ನು ನೋಡಿದ ಹಾಗೆ ನೋಡಿದೆ.

"ನಿಮ್ಮ ಹತ್ರ ಇದೆಯಾ ಅವು?" ಎಂದಳು, ಸ್ವಲ್ಪ ಹೊತ್ತಿನ ಮೇಲೆ.

"ಇದೆ."

"ನನಗೆ ಕೊಡ್ತೀರಾ?"

"ಇಲ್ಲ."

ಅವಳು ತಲೆಯಾಡಿಸಿದಳು. ವಾದ ಮಾಡುತ್ತಾಳೆ, ಅತ್ತೆಯ ಹೆಸರು ಹೇಳುತ್ತಾಳೆ, ಮೈದುನನನ್ನು ಕಳಿಸುತ್ತಾಳೆ ಎಂದುಕೊಂಡಿದ್ದೆ. ಎದ್ದು ಬಾಗಿಲವರೆಗೆ ಹೋಗಿ ತಿರುಗಿದಳು.

"ಕೊಡಬೇಡಿ. ನಿಮ್ಮದು ಅವು. ತೋರಿಸ್ತೀರಾ?"

"ನಿನಗಾ?"

"ಕ್ಲಾಸಿಗೆ. ಹೊಸಬರು ಸೇರಿದಾರೆ. ಬಾಯಲ್ಲಿ ಹೇಳಿ ಕಲಿಸೋಕೆ ನನಗೆ ಬರಲ್ಲ ಅಕ್ಕ, ಬರುತ್ತೆ ಅಂತ ಜನ ತಿಳ್ಕೊಂಡಿದಾರೆ, ಅಷ್ಟೆ. ಇಲ್ಲೇ, ನಿಮ್ಮ ಮನೇಲಿ. ನೀವೇ ಹಾಕಿ, ನೀವೇ ನಿಲ್ಲಿಸಿ. ಬೇಡ ಅಂದ್ರೆ ಬೇಡ."

ಅವಳು ಇಳಿದುಹೋದಳು. ಆಫೀಸಿನಲ್ಲಿ ಆ ದಿನ ಕಣ್ಣಾಸ್ಪತ್ರೆಯ ಲೆಕ್ಕ ಮಾಡಿದೆ. ಮಧ್ಯಾಹ್ನ ಅವಳಿಗೆ ಒಂದೇ ಸಾಲು ಬರೆದೆ: ಭಾನುವಾರ, ಹೆಚ್ಚು ಜನ ಬೇಡ.

ಹೆಚ್ಚು ಜನವೇ ಬಂದರು. ಚಪ್ಪಲಿಗಳು ಬಾಗಿಲಿಂದ ಮೆಟ್ಟಿಲವರೆಗೆ ಹರಡಿದವು. ಮಂಚದ ಮೇಲೆ, ನೆಲದ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಕೂತರು. ಒಬ್ಬರು ಅಡುಗೆ ಕಟ್ಟೆಗೆ ಒರಗಿ ನಿಂತರು. ಲ್ಯಾಪ್‌ಟಾಪನ್ನು ಕುರ್ಚಿಯ ಮೇಲಿಟ್ಟು ಪಕ್ಕದಲ್ಲಿ ನಾನು ಕೂತೆ, ಬೆರಳನ್ನು ಕೀಲಿಮಣೆಯ ಮೇಲಿಟ್ಟುಕೊಂಡು. ವಾರಗಿತ್ತಿ ಎಲ್ಲರಿಗಿಂತ ಹಿಂದೆ, ಬಾಗಿಲ ಬಳಿ ಕೂತಳು. ಬರುವಾಗ "ಮಾತಾಡಲ್ಲ ಅಕ್ಕ, ಆಣೆ" ಎಂದಿದ್ದಳು. ಅದನ್ನು ನಡೆಸುವುದಕ್ಕೆ ಅವಳಿಗೆ ಎಷ್ಟು ಕಷ್ಟವಾಗುತ್ತಿದೆಯೆಂದು ಅಲ್ಲಿಂದಲೇ ಕಾಣುತ್ತಿತ್ತು.

ಅವನ ಕೈ ಬಂತು. ಬಾಬಿನ್ ಕೇಸು ಬಿಚ್ಚಿದ, ಒಳಗಿನ ದಾರದ ಚೂರನ್ನು ಎಳೆದ, ಊದಿದ. ಹೆಂಗಸರು ತಂತಮ್ಮ ಮಡಿಲಲ್ಲಿ ಬೆರಳುಗಳನ್ನು ಹಾಗೇ ಆಡಿಸುತ್ತಿದ್ದರು. ನಾನು ನಿಲ್ಲಿಸಿದಾಗ ನಿಂತರು, ಬಿಟ್ಟಾಗ ಮುಂದುವರಿದರು. ಯಾರು ನೋಡಿದರು, ಎಷ್ಟು ಹೊತ್ತು ನೋಡಿದರು ಎಂದು ಬರೆದುಕೊಳ್ಳುವವರು ಇಲ್ಲಿ ಯಾರೂ ಇರಲಿಲ್ಲ.

ಮುಂದೆ ಕೂತಿದ್ದ ದಪ್ಪ ಕನ್ನಡಕದ ಹೆಂಗಸು ಬಾಗಿ ತೆರೆಯ ಹತ್ತಿರ ಬಂದಳು. ನಡುವಯಸ್ಸಿನವಳು, ಕಿಟಕಿ ಪರದೆ ಹೊಲಿಯುತ್ತಾಳಂತೆ.

"ಇವರು ಈಗ ಎಲ್ಲಿ ಕೆಲಸ ಮಾಡ್ತಾರಮ್ಮ? ನಮ್ಮ ಮಷೀನು ಒಂದ್ಸಲ ತೋರಿಸ್ಬೇಕಿತ್ತು."

ಬಾಗಿಲ ಬಳಿ ವಾರಗಿತ್ತಿ ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು. ಉತ್ತರ ನನಗೆ ಬಿಟ್ಟಿದ್ದಳು.

"ಅವರಿಲ್ಲ" ಎಂದೆ. "ನನ್ನ ಗಂಡ."

ಆ ಹೆಂಗಸು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ಅಯ್ಯೋ ಎನ್ನಲಿಲ್ಲ. ತೆರೆಯ ಮೇಲೆ ನಿಂತಿದ್ದ ಕೈಯನ್ನೇ ನೋಡುತ್ತಾ, "ಎಂಥ ಕೈಯಮ್ಮ" ಎಂದಳು. "ನೋಡ್ತಾನೇ ಇರೋಣ ಅನ್ಸುತ್ತೆ."

ಅವಳ ಮೇಲೂ ನನಗೆ ಉರಿಯಿತು.

"ಮುಂದಿಂದು ನೋಡಿ" ಎಂದು ಕೀಲಿ ಒತ್ತಿದೆ.